ಅಕ್ಷದ ಕೆಳಗಿನ ತ್ರಿಕೋನ

ಕೂತು ಪ್ರಯಾಣ ಮಾಡುವ ಆಸೆ ಮನುಷ್ಯನನ್ನು ಎಷ್ಟು ಕೆಡಿಸುತ್ತದೆಂದು ನೋಡಬೇಕಾದರೆ ನಮ್ಮ ಡೊಂಬಿವಿಲಿಗೆ ಬರಬೇಕು. ನನ್ನ ಆಫೀಸು ಇರುವುದು ಠಾಣೆಯಲ್ಲಿ. ಆದರೆ ಬೆಳಿಗ್ಗೆ ನಾನು ಹತ್ತುವುದು ತದ್ವಿರುದ್ಧ ದಿಕ್ಕಿನ ಕಲ್ಯಾಣದ ಲೋಕಲ್ ರೈಲುಗಾಡಿ. ಅಲ್ಲಿ ಜನ ಇಳಿದ ಮೇಲೆ ಕಿಟಕಿ ಹಿಡಿದು, ಅದೇ ಗಾಡಿ ಹಿಂದಿರುಗುವಾಗ ಡೊಂಬಿವಿಲಿಯ ನೂಕುನುಗ್ಗಲನ್ನು ಮಹಾರಾಜನಂತೆ ನೋಡುತ್ತಾ ಹೋಗುತ್ತೇನೆ. ಪಾಸನ್ನೂ ಕಲ್ಯಾಣದಿಂದಲೇ ಮಾಡಿಸಿದ್ದೇನೆ. ಮೈಸೂರಿನ ನನ್ನ ಭಾವಮೈದ, “ಭಾವ, ಹಾಗಾದ್ರೆ ನಾವು ಬೆಂಗಳೂರಿಗೆ ಹೋಗೋಕೆ ಮೊದಲು ನಂಜನಗೂಡಿಗೆ ಹೋಗ್ಬೇಕಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಗಲಿ ಬಿಡಿ, ಮಂಡಿ ನೋವು ಅವನದಲ್ಲವಲ್ಲ.

ಮೊನ್ನೆ ಭಾನುವಾರ ಹನ್ನೊಂದನೇ ಕ್ಲಾಸಿನ ಮಗಳು ನಿಧಿ ವೇಗ-ಕಾಲದ ಗ್ರಾಫ್ ಹಿಡಿದು ಬಂದಳು. ಗೆರೆ ಮೊದಲು ಅಕ್ಷದ ಕೆಳಗಿಳಿದು ಸಣ್ಣ ತ್ರಿಕೋನ ಮಾಡಿ, ಆಮೇಲೆ ಮೇಲೆ ಹತ್ತಿ ದೊಡ್ಡದೊಂದು ಮಾಡಿತ್ತು. ನಾನು ಕನ್ನಡಕ ಏರಿಸಿ, “ಒಟ್ಟು ಎಷ್ಟು ದೂರ ಓಡಿತು ಅಂದ್ರೆ ಎರಡರ ವಿಸ್ತೀರ್ಣ ಕೂಡಿಸು. ಹೊರಟ ಜಾಗದಿಂದ ಈಗ ಎಲ್ಲಿದೆ ಅಂದ್ರೆ ಕೆಳಗಿನದನ್ನ ಕಳೆ” ಎಂದೆ.

“ಲೇಕಿನ್ ಅಪ್ಪಾ, ಮುಂದೆ ಹೋಗ್ಬೇಕಾದ್ದು ಮೊದಲು ಹಿಂದೆ ಯಾಕೆ ಹೋಗುತ್ತೆ?”

“ಸೀಟಿಗೆ” ಎಂದುಬಿಟ್ಟೆ. ಅವಳು ನಗಲಿಲ್ಲ.

ಹೋದ ವರ್ಷ ನನ್ನ ಹೆಂಡತಿ ಠಾಣೆಯ ಆಸ್ಪತ್ರೆಯಲ್ಲಿದ್ದಳು. ಒಂದು ಬೆಳಿಗ್ಗೆ, ರಾತ್ರಿ ಅಲ್ಲೇ ಉಳಿದಿದ್ದ ನಿಧಿ ಫೋನ್ ಮಾಡಿ, “ಜಲ್ದಿ ಬಾ ಅಪ್ಪಾ” ಎಂದು ಅತ್ತಳು. ಬಿದ್ದಂಬೀಳ ಸ್ಟೇಷನ್ನಿಗೆ ಓಡಿದೆ. ತಲೆ ಇರಲಿಲ್ಲ, ಕಾಲು ಮಾತ್ರ ಇತ್ತು. ಅದು ತನಗೆ ಗೊತ್ತಿದ್ದ ಗಾಡಿ ಹತ್ತಿಸಿತು. ಅವತ್ತು ಹತ್ತಿದ ಕೂಡಲೇ ಕಿಟಕಿ ಸೀಟೂ ಸಿಕ್ಕಿತು. ಸದ್ಯ ಸಿಕ್ಕಿತಲ್ಲ ಎಂದೂ ಅಂದುಕೊಂಡೆ, ಪಾಪಿ! ಗಾಡಿ ಕಲ್ಯಾಣದ ಕಡೆ ಹೊರಟಾಗಲೇ ಎಚ್ಚರವಾದದ್ದು. ಅಷ್ಟರಲ್ಲಿ ಮತ್ತೆ ಫೋನು. “ಎಲ್ಲಿವರೆಗೆ ಬಂದೆ ಅಂತ ಅಮ್ಮ ಕೇಳ್ತಿದಾಳೆ.” “ಬಂದೆ ಮಗಳೇ, ಬಂದುಬಿಟ್ಟೆ” ಎಂದೆ. ಕಲ್ಯಾಣದಲ್ಲಿ ಗಾಡಿ ಬದಲಿಸಿ ನಾನು ಠಾಣೆ ಮುಟ್ಟುವ ಇಪ್ಪತ್ತು ನಿಮಿಷ ಮೊದಲೇ ಹೆಂಡತಿ ಹೋಗಿಬಿಟ್ಟಿದ್ದಳು. ಗಾಡಿ ತಡವಾಯಿತು ಎಂದು ಎಲ್ಲರಿಗೂ ಹೇಳಿದೆ. ನಿಧಿಗೂ.

ಈಗ ಗ್ರಾಫಿನ ಮುಂದೆ ತಡೆಯಲಾಗಲಿಲ್ಲ. “ನಿಧೀ, ಅವತ್ತು ಗಾಡಿ ತಡ ಆಗಿರ್ಲಿಲ್ಲ ಕಣೇ. ನಾನು...”

“ಪತಾ ಹೈ ಅಪ್ಪಾ, ಗೊತ್ತು” ಎಂದಳು, ಪೆನ್ಸಿಲ್ಲಿನಿಂದ ಕಣ್ಣೆತ್ತದೆ. “ಫೋನಲ್ಲಿ ಅನೌನ್ಸ್‌ಮೆಂಟ್ ಕೇಳಿಸ್ತಿತ್ತು, ಮುಂದಿನ ಸ್ಟೇಷನ್ ಕಲ್ಯಾಣ್ ಅಂತ.”

“ಮತ್ತೆ ಅಮ್ಮನಿಗೆ ಏನಂದೆ?”

“ಅಪ್ಪ ಮುಂಬ್ರಾ ಸ್ಟೇಷನ್ ದಾಟಿದ್ದಾರೆ ಅಂದೆ. ಆಮೇಲೆ ಕಳವಾ, ಇನ್ನು ಠಾಣೆನೇ ಅಂದೆ. ಕೊನೆಗೆ ಆಸ್ಪತ್ರೆ ಗೇಟ್ ಹತ್ರ ಬಂದ್ರು ಅಂದೆ. ಅಮ್ಮ ಹ್ಞೂಂ ಅಂದ್ಳು.”

ಇಂಥವಳಿಗೆ ನಾನು, ಯಾರು ಯಾವಾಗ ಎಲ್ಲಿದ್ದಾರೆಂದು ಕಂಡುಹಿಡಿಯುವ ಲೆಕ್ಕ ಹೇಳಿಕೊಡಲು ಕೂತಿದ್ದೆ.