ಕಾಳಿ ಹೊಳೆಯ ಜೊತೆ ಚೌಕಾಸಿ

ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಅಂಕೋಲೆಯಲ್ಲಿ ಇನ್ನೂ ಹುಟ್ಟಿಲ್ಲ. ಸೈಕಲ್ಲಿನ ಮೇಲೆ ಪಾತ್ರೆ ಮಾರುತ್ತ ಶುರುಮಾಡಿ ಬಾಳೆಗುಳಿಯಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವ ಅಧಿಕಾರ ಹಾಗೆ ಬಂದದ್ದು!

ಮಗನ ನಿಶ್ಚಿತಾರ್ಥ ಕಾಳಿ ಹೊಳೆಯಾಚೆಯ ದೇವಬಾಗದಲ್ಲಿ, ಹುಡುಗಿಯ ಮನೆಯಲ್ಲಿ. ಮುಹೂರ್ತ ಹನ್ನೊಂದಕ್ಕೆ. ಬೀಗರು ಮೀನುಗಾರರು. "ಸೇತುವೆ ಮೇಲೆ ಬನ್ನಿ. ದೋಣಿಯಾದ್ರೆ ಒಂಬತ್ತರೊಳಗೆ ದಾಟಿ. ಆಮೇಲೆ ಸಮುದ್ರದ ಇಳಿತಕ್ಕೆ ಹೊಳೆ ನೀರೂ ಇಳೀತದೆ" ಎಂದಿದ್ದರು.

ನಾನು, ಹೆಂಡತಿ, ಮಗ ಕಾರವಾರದಲ್ಲಿ ಇಳಿದೆವು; ಸೇತುವೆ ದಾಟಿಸುವ ಟೆಂಪೋದವನ ದರ ನನಗೆ ಒಪ್ಪಿಗೆಯಾಗಲಿಲ್ಲ. ಹೊಳೆದಂಡೆಯ ಕೋಡಿಬಾಗಕ್ಕೆ ಬಂದರೆ ದೋಣಿಯ ದಾಮು ಹೇಳಿದ ದರವೂ ಒಪ್ಪಿಗೆಯಾಗಲಿಲ್ಲ. ಮುಕ್ಕಾಲು ತಾಸು ಜಗ್ಗಾಡಿ ಅರ್ಧಕ್ಕೆ ಇಳಿಸಿದೆ. ಅಷ್ಟರಲ್ಲಿ ಕಾಳಿ ಹೊಳೆಯೂ ಅರ್ಧಕ್ಕೆ ಇಳಿದಿತ್ತು!

ನಡುಹೊಳೆಯಲ್ಲಿ ದೋಣಿ ಮರಳ ದಿಬ್ಬದ ಮೇಲೆ ಕುಳಿತುಬಿಟ್ಟಿತು.

"ನೂಕೋ ದಾಮು!"

"ನೂಕಿ ಎಲ್ಲಿಗೆ ಕಳಿಸೂದು ಸಾವ್ಕಾರ್ರೆ? ಮೂರು ತಾಸು ತಡೀರಿ. ನೀರು ಬರ್ತದೆ, ದೋಣಿ ತಾನೇ ಏಳ್ತದೆ." ಅಂದವನೇ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ.

ಮೂರು ತಾಸು! ಮುಹೂರ್ತ ತಪ್ಪಿದರೆ ಸಂಬಂಧವೇ ತಪ್ಪೀತು. ನಾನೇನು ಸುಮ್ಮನೆ ಕೂರುವ ಆಸಾಮಿಯೆ? ರೇಷ್ಮೆ ಪಂಚೆ ಮೇಲೆ ಕಟ್ಟಿ, ಇಳಿದು ನೂಕಿದೆ. ದೋಣಿ ಕದಲಲಿಲ್ಲ. ನಾನು ಮೊಣಕಾಲಿನವರೆಗೆ ಹೂತೆ. ಒಂದು ಚಪ್ಪಲಿ ಹೊಳೆಗೆ ಸಮರ್ಪಣೆಯಾಯಿತು. ಬೀಗರಿಗೆ ತಿಳಿಸೋಣವೆಂದು ಮೊಬೈಲ್ ತೆಗೆದರೆ ಗೋವಾದ ಸಿಗ್ನಲ್. ರೋಮಿಂಗ್! ಆಗೆಲ್ಲ ಅದಕ್ಕೆ ದುಪ್ಪಟ್ಟು ದರ. ಮಾನ ಹೋಗುವ ಹೊತ್ತಿನಲ್ಲೂ ಕೈ ತಾನಾಗಿ ಕಟ್ ಮಾಡಿತು.

"ಹತ್ತಿ ಕೂತ್ಕೊಳ್ಳಿ" ಎಂದಳು ಹೆಂಡತಿ ಸುಮಿತ್ರೆ, ತಟ್ಟೆಯಲ್ಲಿದ್ದ ಹೂವಿಗೆ ನೀರು ಚಿಮುಕಿಸುತ್ತ. "ಹೊಳೆ ಏನು ನಿಮ್ಮ ಗಿರಾಕಿಯ?"

"ದಾಮಣ್ಣ ಮಾತಿಗೆ ತಪ್ಪಲಿಲ್ಲ ಅಪ್ಪಾ" ಎಂದ ಮದುಮಗ. "ಅರ್ಧ ದರಕ್ಕೆ ಅರ್ಧ ಹೊಳೆ ದಾಟಿಸಿದಾನೆ."

ಮತ್ತೆರಡು ಸಲ ನೂಕಿದೆ. ಕೊನೆಗೆ ಸೊಂಟ ಹಿಡಿದು ಕುಳಿತೆ. ನನ್ನ ಒಂದು ಸಲಹೆಯೂ ಇಲ್ಲದೆ, ದಿಬ್ಬದ ಅಂಚಿಗೆ ತೆಳ್ಳಗೆ ನೀರು ಬಂತು. ಒಂದು ಗಂಟೆಗೆ ದೋಣಿ ಎದ್ದಿತು. ದಾಮುವೂ ಎದ್ದ.

ಬೀಗರು ದಡದಲ್ಲೇ ನಿಂತಿದ್ದರು. ನಾನು ಕ್ಷಮಾಪಣೆಯ ಭಾಷಣಕ್ಕೆ ಕೈಮುಗಿದೆ.

"ಬನ್ನಿ ಬೀಗರೇ! ಎರಡನೇ ಮುಹೂರ್ತಕ್ಕೆ ಸರಿಯಾಗಿ ಬಂದ್ರಿ."

"ಎರಡನೇದಾ?"

"ಹೊಳೆ ದಾಟಿ ಬರೋ ನೆಂಟರಿಗೆ ನಾವು ಯಾವಾಗ್ಲೂ ಭಟ್ರ ಹತ್ರ ಎರಡು ಕೇಳಿ ಇಡ್ತೇವೆ. ನೀರಿದ್ದಾಗ ಒಂದು, ನೀರು ತಿರುಗಿ ಬಂದಮೇಲೆ ಒಂದು. ದಿಬ್ಬದ ಮೇಲೆ ನಿಮ್ಮನ್ನ ಕಂಡಮೇಲೇ ಅನ್ನಕ್ಕೆ ಇಟ್ಟದ್ದು."

ಒಂದೇ ಚಪ್ಪಲಿಯಲ್ಲಿ ನಿಂತು ಕೇಳಿಸಿಕೊಂಡೆ.

ಉಂಗುರ ತೊಡಿಸಿ, ಊಟವಾಗಿ, ಮದುವೆ ಖರ್ಚಿನ ಮಾತು ಬಂತು. ಅಭ್ಯಾಸಬಲ, ನಾನು ಗಂಟಲು ಸರಿಮಾಡಿಕೊಂಡೆ. ಬೀಗರು ಕಿಟಕಿಯಾಚೆ ಹೊಳೆ ನೋಡಿದರು.

"ನಿಧಾನಕ್ಕೆ ಮಾತಾಡಿ ಬೀಗರೇ. ನೀರು ಇಳೀಲಿಕ್ಕೆ ಇನ್ನೂ ಹೊತ್ತದೆ."

ಎಲ್ಲಕ್ಕೂ ಒಪ್ಪಿದೆ. ಒಂದೇ ಮಾತಿಗೆ!