ಹಳೇ ನೀರು ಮೊದಲು

ಹೊಳೆ ನಮ್ಮ ಹಜಾರದೊಳಕ್ಕೆ ಬರಬಹುದಿತ್ತು. ಫ್ರಿಜ್ಜು ತೇಲಬಹುದಿತ್ತು, ಅದರ ಹಿಂದೆ ಅಕ್ಕಿ ಮೂಟೆ, ಅದರ ಹಿಂದೆ ನನ್ನ ಬಿ.ಪಿ. ಮಾತ್ರೆ. ಹಿತ್ತಿಲ ಗೋಡೆ ಕುಸಿದು ಪಕ್ಕದ ಮನೆಯವರ ಎಮ್ಮೆಯ ಮೇಲೆ ಬೀಳಬಹುದಿತ್ತು. ಸ್ವಿಚ್ಚು ಮುಟ್ಟಿದವರಿಗೆ ಶಾಕ್ ಹೊಡೆಯಬಹುದಿತ್ತು. ಒಲೆಯ ಮೇಲೆ ಹಾವು ಸುತ್ತಿಕೊಂಡಿರಬಹುದಿತ್ತು. ದೋಣಿ ತಂದವರು ನನ್ನ ಗಾತ್ರ ನೋಡಿ "ನೀವು ಮುಂದಿನ ಟ್ರಿಪ್ಪಿಗೆ ಬನ್ನಿ ಸಾರ್" ಎನ್ನಬಹುದಿತ್ತು. ಇದೆಲ್ಲಕ್ಕೂ ಮೊದಲೇ ನನ್ನ ಎದೆ ನಿಂತುಹೋಗಬಹುದಿತ್ತು. ಆ ಮಳೆಗಾಲದ ಬೆಳಿಗ್ಗೆ, ಹುಣಸೂರಿನ ನಮ್ಮ ತಗ್ಗಿನ ಬೀದಿಯಲ್ಲಿ ಕೊಡೆ ಹಿಡಿದು ನಿಂತು, ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ನಮ್ಮ ಅತ್ತೆಗೆ ಇದ್ದ ಭಯ ಮಾತ್ರ ಒಂದೇ: ಹೊಳೆ ಬಂದರೆ ಮನೆಯಲ್ಲಿರುವ ನೀರಿನ ಗತಿ ಏನು?

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಬಹಳ ವರ್ಷಗಳಿಂದ ನಮ್ಮ ಜೊತೆಯಲ್ಲಿದ್ದಾರೆ. ಹಾಗೆಂದು ಹೇಳಿಕೊಳ್ಳುವವನು ನಾನು. ಮನೆಗೆ ಬಂದವರಿಗೆ, ಅತ್ತೆಯ ಬಿಂದಿಗೆಗಳ ನಡುವೆ ನಾವೇ ಬಾಡಿಗೆಗೆ ಇದ್ದಂತೆ ಕಾಣುತ್ತದೆ. ಹಂಡೆ, ಕೊಳಗ, ಪ್ಲಾಸ್ಟಿಕ್ ಕೊಡ, ಬಣ್ಣದ ಡಬ್ಬ, ಎಲ್ಲವೂ ಅಡುಗೆಮನೆಯಿಂದ ಹೊರಟು ಹಜಾರದ ಟಿ.ವಿ.ಯವರೆಗೆ ಸಾಲಾಗಿ ಕೂತಿರುತ್ತವೆ. ಎಲ್ಲಕ್ಕೂ ಮುಚ್ಚಳ, ಎಲ್ಲದರೊಳಗೂ ನೀರು.

ಈ ಸಾಲಿಗೆ ಒಂದೇ ಕಾನೂನು: ಹಳೇ ನೀರು ಮೊದಲು. ನಲ್ಲಿಯಲ್ಲಿ ನೀರು ಬಂದ ದಿನ ಹೊಸದಾಗಿ ತುಂಬಿದ ಪಾತ್ರೆ ಸಾಲಿನ ತುದಿಗೆ ಹೋಗುತ್ತದೆ. ಅದರ ಮುಂದಿರುವವು ಖಾಲಿಯಾಗದೆ ಅದನ್ನು ಮುಟ್ಟುವಂತಿಲ್ಲ. ಅದರ ಸರದಿ ಬರುವಷ್ಟರಲ್ಲಿ ಅದೂ ಹಳತಾಗಿರುತ್ತದೆ. ನಲ್ಲಿಯಲ್ಲಿ ಧೋ ಎಂದು ತಣ್ಣನೆಯ ನೀರು ಸುರಿಯುತ್ತಿರುವಾಗ, ಅದರ ಪಕ್ಕದಲ್ಲೇ ನಿಂತು ನಾನು ಕಳೆದ ವಾರದ ನೀರು ಕುಡಿಯುತ್ತೇನೆ. ಹೊಸ ನೀರಿನ ರುಚಿ ಬೇಕಾದರೆ ಆಫೀಸಿಗೆ ಹೋಗಬೇಕು. ನಾನು ರಜೆ ಹಾಕದಿರುವುದಕ್ಕೆ ಇದೂ ಒಂದು ಕಾರಣ.

"ಒಂದು ದಿನ ಹೊಸಾದು ಕುಡುದ್ರೆ ಏನಾಯ್ತದೆ ಅತ್ತೆ?"

"ಅಳೇದು ಉಳ್ಕತದೆ."

ನಾನು ಸಾಲಿನ ಮೊದಲ ಕೊಡದಿಂದಲೇ ಲೋಟ ತುಂಬಿಕೊಂಡೆ.

ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಬೆಲ್ಲದ ವಿಷಯದಲ್ಲಿ ಧಾರಾಳಿ. ನೀರು ಮಾತ್ರ ಅರ್ಧ ಲೋಟ. ಬಾಯಾರಿಕೆ ಇದ್ದರೆ ಇನ್ನರ್ಧ ಕೇಳಬೇಕು. ಬಿಂದಿಗೆಯಿಂದ ಲೋಟಕ್ಕೆ ಬಗ್ಗಿಸುವಾಗ ಅವರ ಕೈಯಿಂದ ಒಂದು ಹನಿ ಹೊರಗೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ.

ಒಮ್ಮೆ ಸಾಲಿಗ್ರಾಮದಲ್ಲಿ ನೆಂಟರ ಮದುವೆ. ಎಲೆಗೊಂದು ನೀರಿನ ಬಾಟಲಿ ಇಟ್ಟಿದ್ದರು. ಜನ ಎರಡು ಗುಟುಕು ಕುಡಿದು ಎದ್ದು ಹೋದರು. ನಾನು ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಪಂಕ್ತಿಯ ಉದ್ದಕ್ಕೂ ನಡೆದು, ಉಳಿದ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಿದ್ದರು. ಗಂಡಿನ ಕಡೆಯವರು ನೋಡುತ್ತಿದ್ದರು. ನಾನು ಸೀಲಿಂಗ್ ಫ್ಯಾನು ನೋಡುತ್ತಿದ್ದೆ. ಬರುವಾಗ ಕೆ.ಆರ್. ನಗರ ದಾಟಿದ ಮೇಲೆ ನನ್ನ ಹಳೇ ಕಾರು ಕಾದು, ಹೊಗೆ ಕಾರಿ ನಿಂತಿತು. ರೇಡಿಯೇಟರಿಗೆ ನೀರು ಬೇಕು. ಸುತ್ತಮುತ್ತ ಗದ್ದೆಯ ಒಣ ಕೂಳೆ ಬಿಟ್ಟರೆ ಏನೂ ಇಲ್ಲ. ಅತ್ತೆ ಹಿಂದಿನ ಸೀಟಿನಿಂದ ಒಂದೊಂದೇ ಬಾಟಲಿ ಕೊಟ್ಟರು.

"ಎಂಜ್ಲು ಅಂತ ಮಕ ತಿರುಗುಸ್ಕಂಡಿದ್ದಲ್ಲ. ಈಗ ನಿನ್ ಕಾರ್ಗೆ ಎಂಜ್ಲಿಲ್ವಾ?"

ಬಾಟಲಿಗಳನ್ನು ವಾಪಸು ಕೇಳಿ ಇಸಿದುಕೊಂಡರು, ಮುಚ್ಚಳದ ಸಮೇತ.

ನನ್ನದೂ ಚಿಂತೆಯ ಜಾತಿಯೇ. ಆದರೆ ನಾನು ದೊಡ್ಡ ಮಟ್ಟದಲ್ಲಿ ಚಿಂತಿಸುತ್ತೇನೆ. ಹಿಮ ಕರಗುತ್ತಿದೆಯಂತೆ, ಸಮುದ್ರ ಏರುತ್ತಿದೆಯಂತೆ, ದೊಡ್ಡ ದೊಡ್ಡ ಪಟ್ಟಣಗಳ ನಲ್ಲಿಗಳೇ ಒಣಗುತ್ತವಂತೆ. ಮೊಬೈಲಿನಲ್ಲಿ ಓದಿ ಓದಿ ನನಗೆ ಸುಸ್ತಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಜಗಳವಾಡಿದ ನಮ್ಮ ಬೀದಿಯೇ ಮಳೆಗಾಲದಲ್ಲಿ ಹೊಳೆಗೆ ಹೆದರಿ ಗಂಟುಮೂಟೆ ಕಟ್ಟುತ್ತದೆ. ಇನ್ನು ಲೋಕದ ಕಥೆ ಏನು? ಒಂದು ದಿನ ಇದನ್ನೆಲ್ಲ ಅತ್ತೆಗೆ ವಿವರಿಸಿದೆ.

"ಲೋಕದ್ದು ಆಮೇಕೆ. ಬಚ್ಚಲ್ ನಲ್ಲಿ ತೊಟುಕ್ತಾ ಅದೆ, ತಿರುಗ್ಸು ಓಗು."

ಈ ಹುಚ್ಚು ಎಲ್ಲಿಂದ ಬಂತು ಎನ್ನುವುದು ನಮಗೆ ಗೊತ್ತಿಲ್ಲದ್ದಲ್ಲ. ಅತ್ತೆಯನ್ನು ಕೊಟ್ಟಿದ್ದು ಎಚ್.ಡಿ. ಕೋಟೆ ಕಡೆ, ಹೊಳೆದಂಡೆಯ ಒಂದು ಊರಿಗೆ. ಅಣೆಕಟ್ಟು ಕಟ್ಟಿದರು, ಊರು ಮುಳುಗಿತು. ಬದಲಿಗೆ ದಿಣ್ಣೆಯ ಮೇಲೆ ಜಾಗ ಕೊಟ್ಟರು. ಹಳೇ ಊರಿನಲ್ಲಿ ನಿಲ್ಲಲಾಗದಷ್ಟು ನೀರು, ಹೊಸ ಊರಿನಲ್ಲಿ ಕೈ ತೊಳೆಯಲೂ ನೀರಿಲ್ಲ. ಒಂದು ಮಧ್ಯಾಹ್ನ ಮಾವ ಹೊಲದಿಂದ ಎದೆ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತು ನೀರು ಕೇಳಿದರಂತೆ. ಮನೆಯಲ್ಲಿದ್ದ ಬಿಂದಿಗೆಗಳೆಲ್ಲ ಬರಿದಾಗಿದ್ದವು. ಅತ್ತೆ ದೂರದ ಬಾವಿಗೆ ಓಡಿದರು. ತುಂಬಿದ ಬಿಂದಿಗೆ ಹೊತ್ತು ತಂದಾಗ ಕುಡಿಯುವ ಜೀವ ಇರಲಿಲ್ಲ. ಹೋಗುವವರ ಬಾಯಿಗೆ ಬಿಡಬೇಕಾದ ನೀರು ಬಿಂದಿಗೆಯಲ್ಲೇ ಉಳಿಯಿತು. ಇದನ್ನು ನನಗೆ ಹೇಳಿದ್ದು ನನ್ನ ತಂದೆ. ಅತ್ತೆ ಆ ಮಾತೇ ಎತ್ತುವುದಿಲ್ಲ, ಪಾತ್ರೆ ತುಂಬುತ್ತಾರೆ.

ಆ ಬೆಳಿಗ್ಗೆ ಕೊಡಗಿನಲ್ಲಿ ಸುರಿದ ಮಳೆಯೆಲ್ಲ ಲಕ್ಷ್ಮಣತೀರ್ಥದಲ್ಲಿ ಕೆಂಪಗೆ ಇಳಿದು ಬರುತ್ತಿತ್ತು. ಮೈಕು ಕಟ್ಟಿದ ಆಟೋ ಬಂದು, ತಗ್ಗಿನವರು ಎತ್ತರಕ್ಕೆ ಹೋಗಿ ಎಂದು ಕೂಗಿ ತಾನೇ ಮೊದಲು ಎತ್ತರಕ್ಕೆ ಹೋಯಿತು. ನನ್ನ ಹೆಂಡತಿ ಬಟ್ಟೆಯ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಬಿಂದಿಗೆಗಳ ಪಕ್ಕ ಕಾಲು ಚಾಚಿ ಕೂತಿದ್ದರು.

"ನೀರ್ನೆಲ್ಲ ಮಾಳಿಗೆಗೆ ಆಕ್ದೆ ನಾ ಬರಾಕಿಲ್ಲ ಕಣಪ್ಪ."

"ಅತ್ತೆ, ಬೀದಿ ತುಂಬಾ ನೀರೇ ಕಣತ್ತೆ ಇರೋದು."

"ಅದ ಕುಡಿಯಕಾಯ್ತದಾ?"

ನಾನು ಹೆಂಡತಿಯ ಮುಖ ನೋಡಿದೆ.

"ಹೊತ್ತಾಕಿ ರೀ. ಇವರ ಹತ್ರ ವಾದ ಮಾಡೋದಕ್ಕಿಂತ ಅದೇ ಬೇಗ ಮುಗಿಯುತ್ತೆ."

ಊರಿನವರೆಲ್ಲ ನೀರಿನಿಂದ ಟಿ.ವಿ. ಕಾಪಾಡುತ್ತಿದ್ದರು, ಹಸು ಕಾಪಾಡುತ್ತಿದ್ದರು. ನಾನು ನೀರಿನಿಂದ ನೀರನ್ನು ಕಾಪಾಡುತ್ತಿದ್ದೆ. ಅದೂ ಸಿಕ್ಕ ಹಾಗಲ್ಲ, ಸರದಿಯ ಪ್ರಕಾರ. ಅವಸರದಲ್ಲಿ ಒಂದು ಕೊಡವನ್ನು ಹಿಂದುಮುಂದು ಮಾಡಿಟ್ಟೆ. ಮೆಟ್ಟಿಲ ಬುಡದಿಂದಲೇ ಅತ್ತೆ ಕೂಗಿದರು: "ನೀಲಿ ಕೊಡ ಮುಂದಕ್ಕಿಡ್ಲಾ, ಅದು ಸೋಮ್ವಾರದ್ದು."

ಕೊನೆಗೆ ಉಳಿದದ್ದು ಸಾಲಿನ ತುದಿಯ ತಾಮ್ರದ ಬಿಂದಿಗೆ. ಹಿಂದಿನ ದಿನ ತುಂಬಿದ ಹೊಸ ನೀರು. ಅದನ್ನು ಹೊತ್ತು ಅರ್ಧ ಮೆಟ್ಟಿಲುಗಳನ್ನು ಹತ್ತಿದಾಗ ಎದೆಯಲ್ಲಿ ಏನೋ ಹಿಡಿದುಕೊಂಡಿತು. ಬಿಂದಿಗೆಯನ್ನು ಪಕ್ಕಕ್ಕಿಟ್ಟು, ಎದೆಯ ಮೇಲೆ ಕೈ ಒತ್ತಿ, ಅಲ್ಲೇ ಕೂತುಬಿಟ್ಟೆ. ಹಿಂದೆಯೇ ಚೆಂಬು ಹಿಡಿದು ಬರುತ್ತಿದ್ದ ಅತ್ತೆ ನನ್ನ ಕೈ ಎಲ್ಲಿದೆ ಎಂದು ನೋಡಿದರು. ಅವರ ಮುಖ ಹಾಗಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಬಿಂದಿಗೆಯ ಮುಚ್ಚಳ ಕಿತ್ತರು, ಚೆಂಬು ಅದ್ದಿದರು, ಕಂಠದವರೆಗೆ ತುಂಬಿ ನನ್ನ ಬಾಯಿಗೆ ಹಿಡಿದರು.

"ಕುಡಿ ಮಗ. ಕುಡಿ, ಕುಡಿ."

"ಇದು ಹೊಸಾದು ಕಣತ್ತೆ."

"ಒಸಾದೇ ಕುಡಿಯೋ."

ಕುಡಿದೆ. ತಣ್ಣಗಿತ್ತು. ಉಸಿರು ತಿರುಗಿತು. ಆಮೇಲೆ ತೋರಿಸಿಕೊಂಡಾಗ ಡಾಕ್ಟರು "ಗ್ಯಾಸು, ಸ್ವಲ್ಪ ತೂಕ ಇಳಿಸಿ" ಎಂದರು. ಹೊಳೆ ನಮ್ಮ ಜಗಲಿಯ ಕೆಳಗಿನ ಮೆಟ್ಟಿಲವರೆಗೆ ಬಂದು, ಸಂಜೆ ಹೊತ್ತಿಗೆ ಹಿಂದಕ್ಕೆ ಹೋಯಿತು. ಫ್ರಿಜ್ಜು ತೇಲಲಿಲ್ಲ, ಹಾವು ಬರಲಿಲ್ಲ, ಎಮ್ಮೆ ಕ್ಷೇಮ. ನಷ್ಟ ಎಂದು ಹೇಳುವುದಾದರೆ ಇಷ್ಟೇ: ಎಂದೂ ಒಂದು ಹನಿ ಬೀಳಿಸದ ಅತ್ತೆಯ ಕೈಯಿಂದ ಅರ್ಧ ಚೆಂಬು ನೀರು ನನ್ನ ಅಂಗಿಯ ಮೇಲೆ, ಮೆಟ್ಟಿಲ ಮೇಲೆ ಚೆಲ್ಲಿಹೋಗಿತ್ತು. ಅವರು ಅದನ್ನು ನೋಡಲೇ ಇಲ್ಲ.