ಮೇಷ್ಟ್ರ ಹೆಂಡತಿ ಹೇಳದ ಹೆಸರು

ಕನ್ನಡದ ಕಾದಂಬರಿಗಳನ್ನು ಇಂಗ್ಲಿಷಿಗೆ ಅನುವಾದಿಸುವ ನನ್ನಂಥವನಿಗೆ ಫೋನ್ ಸದ್ದಾದರೂ ಎದೆ ಧಸಕ್ಕೆನ್ನುತ್ತದೆ. ಏನಾದರೊಂದು ಎಡವಟ್ಟು ಆಗಿಯೇ ಇರುತ್ತದೆ. ಈಗ ಕೈಯಲ್ಲಿರುವುದು ದೇವರಾಯಸಮುದ್ರದ ನಿವೃತ್ತ ಮೇಷ್ಟ್ರೊಬ್ಬರ ಕಾದಂಬರಿ. ಲಂಡನ್ನಿನ ಸಂಪಾದಕಿ ಒಪ್ಪಿದರೆ ಪುಸ್ತಕ. ಇಲ್ಲದಿದ್ದರೆ ನನ್ನ ವರ್ಷಗಟ್ಟಲೆಯ ದುಡಿಮೆ ನೀರಲ್ಲಿ ಹೋಮ. ಮೇಷ್ಟ್ರಿಗೋ ಎಂಬತ್ತು ದಾಟಿದೆ. ಅವರ ಕಣ್ಣು ಚೆನ್ನಾಗಿರುವಾಗಲೇ ಪುಸ್ತಕ ಕೈಗಿಡಬೇಕೆಂಬ ಆತಂಕ ನನಗೆ.

ಮುದ್ದೆ

ಸಂಪಾದಕಿಯ ಮೊದಲ ಪ್ರಶ್ನೆ: “ನಿಮ್ಮ ನಾಯಕ ಊಟವನ್ನು ಅಗಿಯುವುದೇ ಇಲ್ಲ. ಏನು ಕಾಯಿಲೆ?”

ಎಷ್ಟು ವಿವರಿಸಿದರೂ ನಂಬಲಿಲ್ಲ. ಕೊನೆಗೆ ಕೋಲಾರದ ಬಸ್ ಸ್ಟ್ಯಾಂಡ್ ಹತ್ತಿರದ ಮೆಸ್ಸಿನಲ್ಲಿ ಕೂತು, ಫೋನನ್ನು ನೀರಿನ ಜಗ್ಗಿಗೆ ಒರಗಿಸಿ, ಮುದ್ದೆ ಮುರಿದು ಸಾರಿನಲ್ಲದ್ದಿ ನುಂಗತೊಡಗಿದೆ. ಮೆಸ್ಸಿನ ಯಜಮಾನರು ಗಾಬರಿಯಿಂದ ಓಡಿಬಂದರು.

“ವಿಡಿಯೋ ಮಾಡ್ತಿದೀರಾ ಸಾರ್? ಮೊದ್ಲೇ ಹೇಳ್ಬಾರ್ದಾ! ಸಾರು ಬದಲಾಯಿಸ್ತೀನಿ ಇರಿ, ಅದು ನಿನ್ನೇದು.”

ಹೆಸರಿಲ್ಲದ ಗಂಡ

ಮುಂದಿನ ತಕರಾರು ನನ್ನ ನಿದ್ದೆಯನ್ನೇ ಕೆಡಿಸಿತು. “ಕಥಾನಾಯಕಿ ಇಡೀ ಪುಸ್ತಕದಲ್ಲಿ ಒಮ್ಮೆಯೂ ಗಂಡನ ಹೆಸರು ಹೇಳುವುದಿಲ್ಲ. ನಮ್ಮ ಓದುಗರು ಇದನ್ನು ನಂಬುವುದಿಲ್ಲ. ಅವಳ ಬಾಯಲ್ಲಿ ಹೆಸರು ಹೇಳಿಸಿ, ಇಲ್ಲದಿದ್ದರೆ ಪುಸ್ತಕ ತರುವುದು ಕಷ್ಟ.”

ಜೀವ ಕೈಯಲ್ಲಿ ಹಿಡಿದುಕೊಂಡು ಮೇಷ್ಟ್ರಿಗೆ ಫೋನ್ ಮಾಡಿದೆ.

“ಮದುವೆ ಆದಾಗಿಂದ ನಮ್ಮನೇಲಿ ನನಗೇ ಹೆಸರಿಲ್ಲ ಕಣಯ್ಯಾ, ಅವನಿಗ್ಯಾಕೆ?” ಎಂದು ಫೋನ್ ಇಟ್ಟುಬಿಟ್ಟರು.

ವಿಡಿಯೋ ಕಾಲ್

ಬೇರೆ ದಾರಿ ಕಾಣದೆ ಮೇಷ್ಟ್ರ ಮನೆಯಿಂದಲೇ ಸಂಪಾದಕಿಗೆ ವಿಡಿಯೋ ಕಾಲ್ ಮಾಡಿಸಿದೆ. ಮೇಷ್ಟ್ರ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದರು. ಸಂಪಾದಕಿ ಚಾಲಾಕಿ.

“ಆ ತಾಯಿಯನ್ನೇ ಕೇಳಿ, ಗಂಡನ ಹೆಸರೇನು?” ಎಂದಳು.

ಕೇಳಿದೆ. ಲಂಡನ್ನಿನವರು ಕೇಳುತ್ತಿದ್ದಾರೆಂದು ಮರ್ಯಾದೆಗೆ ಹೇಳಿಬಿಟ್ಟರೆ ಕಾದಂಬರಿಯೇ ಸುಳ್ಳಾಗುತ್ತದಲ್ಲ! ಅಮ್ಮ ಸೆರಗೆಳೆದುಕೊಂಡರು, ನಾಚಿದರು, ಎದ್ದುಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿದ್ದ ವೆಂಕಟರಮಣನ ಮೇಲೆ ಬೆರಳಿಟ್ಟು ನಿಂತರು.

ಅದೇ ಮೇಷ್ಟ್ರ ಹೆಸರೆಂದು ನಾನು ಹೇಳಿದ್ದೇ ತಡ, ಸಂಪಾದಕಿ ನಕ್ಕುಬಿಟ್ಟಳು. “ಒಂದಕ್ಷರವನ್ನೂ ಬದಲಿಸಬೇಡಿ. ಪುಸ್ತಕ ತರೋಣ.”

ಹೋದ ಜೀವ ಬಂತು. ಅಷ್ಟರಲ್ಲಿ ಅಮ್ಮ, “ಆಯಮ್ಮನ ಯಜಮಾನ್ರ ಹೆಸರೇನಂತೆ, ಕೇಳಪ್ಪಾ” ಎಂದರು. ಕೇಳಿದೆ.

“ಡೇವಿಡ್” ಎಂದಳು ಸಂಪಾದಕಿ, ಥಟ್ಟನೆ.

ಅಮ್ಮನ ಮುಖ ಬಾಡಿಹೋಯಿತು. “ಅಯ್ಯೋ ಪಾಪ! ಹಿಂಗೆ ಹೆಸರಿಡ್ದು ಹೇಳ್ತಾವ್ಳೆ ಅಂದ್ರೆ ಗಂಡನ್ನ ಬಿಟ್ಬಿಟ್ಟವ್ಳೆ. ಧೈರ್ಯವಾಗಿರು, ನಾವೆಲ್ಲ ಇದೀವಿ ಅಂತ ಹೇಳಪ್ಪಾ.”

“ಏನು ಹೇಳುತ್ತಿದ್ದಾರೆ?” ಸಂಪಾದಕಿಗೆ ಕುತೂಹಲ.

ಅಲ್ಲಿಯವರೆಗೆ ಮೂಲಕ್ಕೆ ಒಂದಿಷ್ಟೂ ದ್ರೋಹ ಮಾಡದ ನಾನು ಬೆವರೊರೆಸಿಕೊಂಡು ಅನುವಾದಿಸಿದೆ:

“ಹೆಸರು ತುಂಬ ಚೆನ್ನಾಗಿದೆಯಂತೆ.”